ಗಾರೆ ಕಾಯುವುದಿಲ್ಲ

ಐನೂರು ವರ್ಷ ಹಳೆಯ ಇಟಲಿಯ ಗೋಡೆಚಿತ್ರಗಳಿಗೆ ಇವತ್ತಿಗೂ ಜನ ಯಾಕೆ ಮುಗಿಬೀಳುತ್ತಾರೆ? ಸೌಂದರ್ಯ, ಪ್ರತಿಭೆ, ಮಾನವತಾವಾದ ಎನ್ನುತ್ತೀರಿ. ಈ ಸಭೆಗೆ ಅದನ್ನೆಲ್ಲ ಮತ್ತೆ ಹೇಳಬೇಕಿಲ್ಲ. ನನ್ನ ಹಟ ಬೇರೆ. ಆ ಗೋಡೆಗಳ ಮೇಲೆ ಕೆಲಸ ಕಾಣುತ್ತದೆ. ಯಾವ ದಿನ ಎಷ್ಟಾಯಿತು, ಎಲ್ಲಿ ಕೈ ತಪ್ಪಿತು, ಎಲ್ಲವನ್ನೂ ಓದಬಹುದು. ಸೆಳೆತ ಇರುವುದು ಅಲ್ಲಿ.

ಫ್ರೆಸ್ಕೋ ಅಂದರೆ ಹಸಿ ಗಾರೆಯ ಮೇಲೆ ಬರೆದದ್ದು. ಮೊದಲು ಒರಟು ಸಾರಣೆ. ಅದರ ಮೇಲೆ ಕೆಲವೇ ಮಿಲಿಮೀಟರಿನ ನುಣುಪು ಪದರ, ಅದೂ ಆ ದಿನ ಬರೆದು ಮುಗಿಸುವಷ್ಟು ಜಾಗಕ್ಕೆ ಮಾತ್ರ. ಆ ತುಂಡಿಗೆ ಅವರು ಜೊರ್ನಾತಾ ಎನ್ನುತ್ತಾರೆ, ಒಂದು ದಿನದ ಪಾಲು. ಬಣ್ಣದಲ್ಲಿ ಅಂಟಿಲ್ಲ, ನೀರಲ್ಲಿ ಅರೆದ ಪುಡಿ ಅಷ್ಟೇ. ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಕಲ್ಲಾಗುತ್ತದೆ, ಬಣ್ಣ ಅದರೊಳಗೆ ಸೆರೆಯಾಗುತ್ತದೆ. ಸಂಜೆ ಉಳಿದ ಖಾಲಿ ಗಾರೆಯನ್ನು ಓರೆಯಾಗಿ ಕತ್ತರಿಸಿ ಬಿಸಾಡಬೇಕು. ಮುಖ ಕೆಟ್ಟಿತೋ, ಆ ತುಂಡನ್ನೇ ಕಿತ್ತು ಹೊಸದಾಗಿ ಬಳಿಯಬೇಕು. ಗಾರೆ ಕಾಯುವುದಿಲ್ಲ.

ಇನ್ನು ಪೋಪರ ವ್ಯಾಟಿಕನ್‌ನಲ್ಲಿರುವ ಸಿಸ್ಟೀನ್ ಪ್ರಾರ್ಥನಾಮಂದಿರದ ಚಾವಣಿ, 1508ರಿಂದ 1512. ಮಿಕೆಲಾಂಜೆಲೊ ಶಿಲ್ಪಿ, ಈ ಕೆಲಸ ತನ್ನದಲ್ಲ ಅಂತ ಮೊದಲೇ ಗೊಣಗಿದವನು. ಮಲಗಿಕೊಂಡು ಬರೆದ ಎಂಬುದು ದಂತಕಥೆ. ನಿಂತು, ಕತ್ತು ಹಿಂದಕ್ಕೆ ಚಾಚಿ ಬರೆದ. ಗಡ್ಡ ಆಕಾಶಕ್ಕೆ, ಕುಂಚದ ಬಣ್ಣ ಮುಖಕ್ಕೆ ಅಂತ ಒಂದು ಪದ್ಯದಲ್ಲಿ ಗೋಳು ಹೇಳಿ, ಪಕ್ಕದಲ್ಲಿ ತನ್ನದೇ ಚಿತ್ರ ಗೀಚಿದ್ದಾನೆ. ಇರಲಿ. ಜಲಪ್ರಳಯದ ದೃಶ್ಯ ಮುಗಿಸುವಷ್ಟರಲ್ಲಿ ಅದರ ಮೇಲೆ ಬೂಷ್ಟು! ನೇರ ಪೋಪ್ ಎರಡನೇ ಜೂಲಿಯಸ್ ಹತ್ತಿರ ಹೋದ: ಇದು ನನ್ನ ಕಸುಬಲ್ಲ ಅಂತ ಹೇಳಿದ್ದೆನಲ್ಲ, ಮಾಡಿದ್ದೆಲ್ಲ ಹಾಳಾಯಿತು. ನುಣುಚಿಕೊಳ್ಳಲು ಇದಕ್ಕಿಂತ ಒಳ್ಳೆ ನೆಪ ಬೇಕೇ? ಪೋಪ್ ಬಿಡಲಿಲ್ಲ. ಜೂಲಿಯಾನೊ ದ ಸಾಂಗಾಲೊ ಎಂಬ ವಾಸ್ತುಶಿಲ್ಪಿಯನ್ನು ಕಳಿಸಿದ. ಅವನು ಬಂದು ನೋಡಿ ಹೇಳಿದ್ದು ಇಷ್ಟೆ: ಗಾರೆಗೆ ನೀರು ಹೆಚ್ಚಾಗಿದೆ. ಟ್ರಾವರ್ಟೀನ್ ಕಲ್ಲು ಸುಟ್ಟ ರೋಮಿನ ಸುಣ್ಣ ಬೇಗ ಒಣಗದು. ಜ್ವಾಲಾಮುಖಿ ಮಣ್ಣು ಪೊಜೊಲಾನ ಬೆರೆಸಿ ತೆಳುವಾಗಿ ಕಲಸಿದರೆ ಬೂಷ್ಟಿನಂತೆ ಉಪ್ಪು ಹೊರಗೆ ಉಕ್ಕುತ್ತದೆ. ಹಳೇ ಮನೆಗೆ ಗಾರೆ ಹಾಕಿಸಿದವರು ಇಲ್ಲಿದ್ದರೆ ಈಗ ತಲೆಯಾಡಿಸುತ್ತಿರುತ್ತಾರೆ. ಹದ ಸರಿಹೋಯಿತು, ಕೆಲಸ ಮುಂದುವರಿಯಿತು. ಬೆರಳು ಚಾಚಿ ಒರಗಿರುವ ಆದಾಮ ಇದ್ದಾನಲ್ಲ, ಅವನು ನಾಲ್ಕು ಜೊರ್ನಾತಾಗಳ ಕೆಲಸ. ಬದಿಯಿಂದ ಬೆಳಕು ಬಿಟ್ಟರೆ ತುಂಡುಗಳ ನಡುವಿನ ಹೊಲಿಗೆ ಕಾಣುತ್ತದೆ, ಎಣಿಸಬಹುದು.

ಗಾರೆ ಕಾಯುವುದಿಲ್ಲ ಅಂದೆ. ಕಾಯಿಸಲು ಹೋದವನೂ ಒಬ್ಬನಿದ್ದ. ಮಿಲಾನಿನ ಸಾಂತಾ ಮರಿಯಾ ದೆಲ್ಲೆ ಗ್ರಾಜಿಯೆ ಮಠದ ಊಟದ ಮನೆಯಲ್ಲಿ, ಸುಮಾರು 1495ರಿಂದ 1498ರವರೆಗೆ, ಕ್ರಿಸ್ತ ಶಿಷ್ಯರೊಡನೆ ಕೂತ ‘ಕೊನೆಯ ಭೋಜನ’ದ ಚಿತ್ರ ಬರೆದ ಲಿಯೊನಾರ್ಡೊ ದ ವಿಂಚಿ. ಒಂದು ದಿನ ಬೆಳಗಿನಿಂದ ಸಂಜೆಯವರೆಗೆ ಊಟವನ್ನೂ ಮರೆತು ಬರೆಯುವನು. ಇನ್ನೊಂದು ದಿನ ಕೈಕಟ್ಟಿ ನೋಡುತ್ತ ನಿಂತುಬಿಡುವನು. ಇಂಥವನಿಗೆ ಜೊರ್ನಾತಾ ಒಗ್ಗೀತೇ? ಒಣಗಿದ ಗೋಡೆಗೆ ಬಿಳಿ ಲೇಪ ಕೊಟ್ಟು, ಅಂಟು ಸೇರಿಸಿದ ಬಣ್ಣ ಬಳಿದ. ಬೇಕಾದಷ್ಟು ತಿದ್ದಿದ. ಬಣ್ಣ ಗೋಡೆಯೊಳಗೆ ಇಳಿಯಲಿಲ್ಲ, ಮೇಲೆ ಕೂತಿತು. ತೇವ ಏರಿತು, ಅವನು ಬದುಕಿದ್ದಾಗಲೇ ಚಕ್ಕೆ ಏಳತೊಡಗಿತು. 1652ರಲ್ಲಿ ಸಂನ್ಯಾಸಿಗಳು ಬಾಗಿಲು ಮಾಡಲೆಂದು ಕ್ರಿಸ್ತನ ಪಾದವನ್ನೇ ಕಡಿದರು. ಊಟ ಬಿಸಿಯಾಗಿ ಬರಬೇಕಿತ್ತೋ ಏನೋ. 1943ರಲ್ಲಿ ಬಾಂಬು ಬಿದ್ದು ಪಕ್ಕದ ಗೋಡೆ ಕುಸಿದರೂ ಮರಳಿನ ಚೀಲಗಳ ಹಿಂದೆ ಈ ಗೋಡೆ ನಿಂತಿತು. ಕೊನೆಯ ದುರಸ್ತಿಗೆ 1978ರಿಂದ 1999, ಇಪ್ಪತ್ತೊಂದು ವರ್ಷ ಹಿಡಿಯಿತು. ಈಗ ಒಮ್ಮೆಗೆ ಸ್ವಲ್ಪ ಜನ, ಹದಿನೈದೇ ನಿಮಿಷ. ಆದರೂ ಟಿಕೆಟ್ ಸಿಗುವುದಿಲ್ಲ. ಕೆಟ್ಟ ಗೋಡೆಗೂ ಇಷ್ಟು ನೂಕುನುಗ್ಗಲು ಅಂದರೆ ಬರೀ ಸೌಂದರ್ಯದ ಮಾತು ಸಾಲುವುದಿಲ್ಲ ನೋಡಿ.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಎಣ್ಣೆಬಣ್ಣ, ವೆನಿಸ್ ಎರಡೂ ಚೀಟಿಯಲ್ಲೇ ಉಳಿದವು. ಪರ್ಸ್‌ಪೆಕ್ಟಿವ್, ಅಂದರೆ ಚಪ್ಪಟೆ ಗೋಡೆಯಲ್ಲಿ ಆಳ ತೋರಿಸುವ ವಿದ್ಯೆ, ಅದರ ಬಗ್ಗೆ ಒಂದೇ ಮಾತು. ಅದೇ ಊಟದ ಮನೆಯ ಚಿತ್ರದಲ್ಲಿ ಚಾವಣಿಯ ತೊಲೆ, ಗೋಡೆಯ ಪರದೆ, ಎಲ್ಲ ಗೆರೆಗಳೂ ಹೋಗಿ ಸೇರುವುದು ಕ್ರಿಸ್ತನ ಹಣೆಯ ಬದಿಗೆ. ಅಲ್ಲೊಂದು ಸಣ್ಣ ತೂತಿದೆ. ಗೆರೆ ಹಿಡಿಯಲು ಮೊಳೆ ಹೊಡೆದು ದಾರ ಕಟ್ಟಿದ್ದ ಜಾಗ.