ಒಂದೇ ಜೀನ್, ಕೋಶಕ್ಕೊಂದು ಲೆಕ್ಕ

[ಪರದೆ: ಸೂಕ್ಷ್ಮದರ್ಶಕದಡಿ ಇ. ಕೋಲೈ ಬ್ಯಾಕ್ಟೀರಿಯಾ. ಕೆಲವು ಹಸಿರು, ಕೆಲವು ಕೆಂಪು, ಕೆಲವು ಹಳದಿ.]

ಇವೆಲ್ಲ ಒಂದೇ ತಾಯಿಕೋಶದ ಪೀಳಿಗೆ. ಡಿಎನ್‌ಎ ಒಂದೇ, ಆಹಾರ ಒಂದೇ, ಬಣ್ಣ ಮಾತ್ರ ಬೇರೆ ಬೇರೆ. 2002ರಲ್ಲಿ ವಿಜ್ಞಾನಿ ಮೈಕೆಲ್ ಎಲೋವಿಟ್ಜ್ ಮತ್ತು ಸಂಗಡಿಗರು ಪ್ರತಿ ಕೋಶಕ್ಕೂ ಎರಡು ಹೊಳೆಯುವ ಪ್ರೋಟೀನ್‌ಗಳ ಜೀನ್ ಸೇರಿಸಿ, ಎರಡಕ್ಕೂ ಒಂದೇ ಬಗೆಯ ಪ್ರಮೋಟರ್, ಅಂದರೆ ಜೀನ್ ಓದುವುದನ್ನು ಶುರು ಮಾಡಿಸುವ ಡಿಎನ್‌ಎ ಭಾಗ, ಕೊಟ್ಟರು. ಎರಡೂ ಬಣ್ಣ ಜೊತೆಜೊತೆಗೆ ಏರಿಳಿದರೆ ಕಾರಣ ಇಡೀ ಕೋಶದ್ದು: ಪ್ರೋಟೀನ್ ಕಟ್ಟುವ ರೈಬೋಸೋಮ್ ಹೆಚ್ಚಿರಬಹುದು, ಜೀನನ್ನು ನಕಲು ಮಾಡುವ ಪಾಲಿಮರೇಸ್ ಕಡಿಮೆ ಇರಬಹುದು. ಒಂದು ಏರಿ ಇನ್ನೊಂದು ಇಳಿದರೆ, ಅದು ಆ ಜೀನಿನ ಕೆಲಸದಲ್ಲೇ ಇರುವ ಆಕಸ್ಮಿಕತೆ.

[ಪರದೆ: ಹುಟ್ಟು 0.28, ಅಳಿವು 0.14 × ಎಂ (ಎಂ = ಎಂಆರ್‌ಎನ್‌ಎ ಅಣುಗಳ ಸಂಖ್ಯೆ)]

ಆ ಆಕಸ್ಮಿಕತೆಯನ್ನು ಲೆಕ್ಕಕ್ಕೆ ತರೋಣ. ಎಂಆರ್‌ಎನ್‌ಎ, ಅಂದರೆ ಪ್ರೋಟೀನ್ ತಯಾರಿಗೆ ಬೇಕಾದ ಜೀನಿನ ನಕಲು, ನಿಮಿಷಕ್ಕೆ 0.28ರ ದರದಲ್ಲಿ ಹುಟ್ಟುತ್ತದೆ ಅನ್ನಿ. ಅರ್ಧಾಯುಷ್ಯ ಸುಮಾರು 5 ನಿಮಿಷ ಅಂದುಕೊಂಡರೆ, ಪ್ರತಿ ಅಣು 0.14ರ ದರದಲ್ಲಿ ಅಳಿಯುತ್ತದೆ. 0.28 ಅನ್ನು 0.14ರಿಂದ ಭಾಗಿಸಿದರೆ ಸರಾಸರಿ 2 ಅಣು. ಹಂಚಿಕೆ ಪಾಯ್ಸಾನ್ (ಒಂದನ್ನೊಂದು ಅವಲಂಬಿಸದ ಆಕಸ್ಮಿಕ ಘಟನೆಗಳ ಎಣಿಕೆ ಹರಡುವ ರೀತಿ), ಹಾಗಾಗಿ ಯಾವುದೇ ಕ್ಷಣದಲ್ಲಿ ನೂರರಲ್ಲಿ ಹದಿಮೂರು-ಹದಿನಾಲ್ಕು ಕೋಶಗಳಲ್ಲಿ ಒಂದು ಅಣುವೂ ಇರುವುದಿಲ್ಲ! ಸರಾಸರಿ ನೋಡಿದವರಿಗೆ ಇದು ಕಾಣುವುದೇ ಇಲ್ಲ.

ಇಂಥ ಆಕಸ್ಮಿಕ ಘಟನೆಗಳನ್ನು ಒಂದೊಂದಾಗಿ ಅನುಕರಿಸಲು ವಿಜ್ಞಾನಿ ಡೇನಿಯಲ್ ಗಿಲೆಸ್ಪಿ 1977ರಲ್ಲಿ ವಿವರಿಸಿದ ವಿಧಾನದ ಒಂದು ಹೆಜ್ಜೆಯನ್ನು ಕೈಯಲ್ಲೇ ಮಾಡೋಣ. ಈಗ 3 ಅಣು ಇವೆ. ಹುಟ್ಟಿನ ದರ 0.28, ಅಳಿವಿನದು 0.42, ಒಟ್ಟು 0.70. ಸೊನ್ನೆಗೂ ಒಂದಕ್ಕೂ ನಡುವೆ ಎರಡು ರ‍್ಯಾಂಡಮ್ ಸಂಖ್ಯೆ ತೆಗೆಯಿರಿ, 0.5 ಮತ್ತು 0.3 ಬಂತು ಅನ್ನಿ. ಮೊದಲನೆಯದು ಕಾಯುವ ಸಮಯ ಹೇಳುತ್ತದೆ: 0.5ರ ಸ್ವಾಭಾವಿಕ ಲಾಗರಿದಮ್‌ನ ಮೈನಸ್ ಚಿಹ್ನೆ ತೆಗೆದು 0.70ರಿಂದ ಭಾಗಿಸಿದರೆ 0.99 ನಿಮಿಷ. ಎರಡನೆಯದನ್ನು 0.70ರಿಂದ ಗುಣಿಸಿದರೆ 0.21. ಇದು 0.28ಕ್ಕಿಂತ ಕಡಿಮೆ, ಆದ್ದರಿಂದ ಹುಟ್ಟು. ಅಣು 4 ಆಯಿತು. ದರಗಳನ್ನು ಮತ್ತೆ ಲೆಕ್ಕ ಹಾಕಿ, ಮುಂದಿನ ಹೆಜ್ಜೆ.

ಹೆಚ್ಚಿನವರು ಎಡವುವುದು ಇದಾದ ಮೇಲೆ. ಪ್ರತಿ ಹೆಜ್ಜೆಯ ಅಣು ಸಂಖ್ಯೆಯನ್ನು ಕೂಡಿಸಿ ಹೆಜ್ಜೆಗಳ ಎಣಿಕೆಯಿಂದ ಭಾಗಿಸಿದರೆ 2ರ ಬದಲು 2.5 ಬರುತ್ತದೆ. ಅಣು ಹೆಚ್ಚಿದ್ದಾಗ ಘಟನೆಗಳು ಬೇಗ ಬೇಗ ನಡೆಯುತ್ತವೆ, ಪಟ್ಟಿಯಲ್ಲಿ ಅವೇ ತುಂಬಿಕೊಳ್ಳುತ್ತವೆ. ಪ್ರತಿ ಸ್ಥಿತಿಯನ್ನೂ ಅದು ಉಳಿದ ಸಮಯದಿಂದ ಗುಣಿಸಿ, ಆಮೇಲೆ ಸರಾಸರಿ ತೆಗೆಯಿರಿ. ಸೊನ್ನೆಯಿಂದ ಶುರು ಮಾಡಿದ್ದರೆ ಮೊದಲ 40 ನಿಮಿಷ ಬಿಟ್ಟುಬಿಡಿ.

[ಪರದೆ: ವೇರಿಯನ್ಸ್ ÷ ಸರಾಸರಿ]

ವೇರಿಯನ್ಸ್ ಅಂದರೆ ಸಂಖ್ಯೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ. ಈ ಮಾದರಿಯಲ್ಲಿ ವೇರಿಯನ್ಸ್ ಮತ್ತು ಸರಾಸರಿಯ ಅನುಪಾತ 1. ಪ್ರಯೋಗದಲ್ಲಿ 5 ಬಂದರೆ? ಜೀನ್ ಆಗಾಗ ಆಫ್ ಆಗಿ, ಆನ್ ಆದಾಗ ಒಮ್ಮೆಲೇ ಹಲವು ಎಂಆರ್‌ಎನ್‌ಎ ಅಣು ಹೊರಬಿಡುತ್ತಿರಬಹುದು. ಆಗ ಮಾದರಿಗೆ ಆನ್ ದರ, ಆಫ್ ದರ ಎರಡನ್ನೂ ಸೇರಿಸಬೇಕು. ಆದರೆ ಕೋಶದಿಂದ ಕೋಶಕ್ಕೆ ಹುಟ್ಟಿನ ದರವೇ ಬೇರೆಯಾಗಿದ್ದರೂ ಅದೇ 5 ಬರಬಹುದು. ಒಂದು ಅಂಕಿಯಿಂದ ಇವೆರಡನ್ನೂ ಬಿಡಿಸಲಾಗದು, ಎರಡು ಬಣ್ಣದ ಪ್ರಯೋಗ ಬೇಕಾಗುವುದು ಇದಕ್ಕೇ.

ಅಲ್ಲೂ ಎಚ್ಚರ ಬೇಕು. ಒಂದು ಬಣ್ಣದ ಬೆಳಕು ಇನ್ನೊಂದರ ಚಾನೆಲ್‌ಗೆ ಸೋರಿದರೆ ಎರಡೂ ಜೊತೆಗೆ ಏರಿದಂತೆ ಕಾಣುತ್ತದೆ, ತಪ್ಪು ಇಡೀ ಕೋಶದ ತಲೆಗೆ ಬರುತ್ತದೆ. ಒಂದೇ ಬಣ್ಣವಿರುವ ತಳಿಯನ್ನು ಎರಡೂ ಚಾನೆಲ್‌ಗಳಲ್ಲಿ ಅಳೆದು, ಸೋರಿಕೆಯನ್ನು ಮೊದಲೇ ಕಳೆಯಿರಿ.