ನಿಕಾನ್ ಮೇಲೋ ಕ್ಯಾನನ್ ಮೇಲೋ? ನನ್ನನ್ನಲ್ಲ, ನಿಮ್ಮ ಕೈಯನ್ನು ಕೇಳಿ

ನಮಸ್ಕಾರ. ಮುಂಬಯಿಯ ಮಾಟುಂಗಾದಿಂದ ಮಾತನಾಡುತ್ತಿದ್ದೇನೆ. ಹೊರಗೆ ಮಳೆ ಬಿಟ್ಟೂಬಿಡದೆ ಸುರಿಯುತ್ತಿದೆ, ನಡುವೆ ಲೋಕಲ್ ರೈಲಿನ ಸದ್ದು ಕೇಳಿಸಿದರೆ ಸಹಿಸಿಕೊಳ್ಳಿ. ಇವತ್ತು ಮಳೆಗಾಲದಲ್ಲಿ ಲೆನ್ಸಿಗೆ ಫಂಗಸ್ ಹಿಡಿಯದಂತೆ ಕಾಪಾಡುವುದು ಹೇಗೆ ಎಂದು ಹೇಳಬೇಕೆಂದಿದ್ದೆ. ಆದರೆ ಬೆಳಿಗ್ಗೆ ಕಾಫಿ ಕುಡಿಯುತ್ತ ಕಳೆದ ವಿಡಿಯೋದ ಕೆಳಗಿನ ಒಂದು ಕಮೆಂಟ್ ಓದಿದೆ. ಕಾಫಿ ಆರಿಹೋಯಿತು.

‘ಅಣ್ಣಾ, ನೀವು ಸುತ್ತಿ ಬಳಸಿ ಮಾತನಾಡುತ್ತೀರಿ. ಡಿಎಕ್ಸ್‌ಒ ಮಾರ್ಕ್‌ನಲ್ಲಿ ನಿಕಾನ್ ಡಿ850ಕ್ಕೆ 100 ಅಂಕ, ಕ್ಯಾನನ್ 5ಡಿ ಮಾರ್ಕ್ ಫೋರ್‌ಗೆ 91. ಅಲ್ಲಿಗೆ ಮುಗಿಯಿತು.’

ಮುಗಿಯಲಿಲ್ಲ ತಮ್ಮಾ, ಇನ್ನೂ ಶುರುವೇ ಆಗಿಲ್ಲ.

ಡಿಎಕ್ಸ್‌ಒ ಮಾರ್ಕ್ ಎಂದರೆ ಕ್ಯಾಮೆರಾಗಳನ್ನು ಪರೀಕ್ಷಿಸಿ ಅಂಕ ಕೊಡುವ ಒಂದು ವೆಬ್‌ಸೈಟ್. ಆ ಅಂಕಗಳು ಸುಳ್ಳಲ್ಲ. ಆದರೆ ಅವು ಸೆನ್ಸರ್‌ಗೆ, ಅಂದರೆ ಕ್ಯಾಮೆರಾದೊಳಗೆ ಬೆಳಕು ಹಿಡಿದು ಚಿತ್ರವಾಗಿಸುವ ಭಾಗಕ್ಕೆ, ಕೊಟ್ಟ ಅಂಕಗಳು. ಸೆನ್ಸರ್ ತಾನೇ ಎದ್ದು ಹೋಗಿ ಮದುವೆಮನೆಯಲ್ಲಿ ಫೋಟೋ ತೆಗೆಯುವುದಿಲ್ಲ. ತೆಗೆಯುವುದು ಕೈ. ಯಾವ ಕ್ಯಾಮೆರಾ ಒಳ್ಳೆಯದು ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದೂ ಕೈಯೇ.

ಈ ಎರಡು ಕಂಪನಿಗಳ ಕ್ಯಾಮೆರಾಗಳು ಎದುರುಬದುರು ತಿರುಗಿ ನಿಂತಿವೆ. ಮೌಂಟ್ ಎಂದರೆ ಕ್ಯಾಮೆರಾಕ್ಕೆ ಲೆನ್ಸ್ ಕೂಡಿಸುವ ಜಾಗ. ನಿಕಾನ್‌ನ ಎಫ್ ಮೌಂಟ್ ಬಂದದ್ದು 1959ರಲ್ಲಿ, ಕ್ಯಾನನ್‌ನ ಇಎಫ್ ಮೌಂಟ್ 1987ರಲ್ಲಿ. ಕ್ಯಾಮೆರಾವನ್ನು ಎದುರಿನಿಂದ ನೋಡುತ್ತ ಲೆನ್ಸ್ ಹಾಕಿ: ಕ್ಯಾನನ್‌ನದನ್ನು ಗಡಿಯಾರದ ಮುಳ್ಳು ತಿರುಗುವ ಕಡೆಗೆ ತಿರುಗಿಸಬೇಕು, ನಿಕಾನ್‌ನದನ್ನು ಅದಕ್ಕೆ ಎದುರು. ಜೂಮ್ ಉಂಗುರವೂ ಒಂದರದು ಒಂದು ಕಡೆ, ಇನ್ನೊಂದರದು ಇನ್ನೊಂದು ಕಡೆ. ಡಿ850ರಲ್ಲಿ ಆನ್ ಮಾಡುವ ಸ್ವಿಚ್ ಶಟರ್ ಬಟನ್‌ನ ಸುತ್ತಲೇ ಇದೆ, ತೋರುಬೆರಳೊಂದೇ ಸಾಕು. 5ಡಿ ಮಾರ್ಕ್ ಫೋರ್‌ನಲ್ಲಿ ಅದು ಎಡಗಡೆ, ಮೋಡ್ ಡಯಲ್‌ನ ಬುಡದಲ್ಲಿ. ಆದರೆ ಕ್ಯಾನನ್‌ನ ಬೆನ್ನ ಮೇಲಿನ ದೊಡ್ಡ ಚಕ್ರಕ್ಕೆ ಹೆಬ್ಬೆರಳು ಒಮ್ಮೆ ಒಗ್ಗಿತೆಂದರೆ ಬೇರೆ ಯಾವುದೂ ರುಚಿಸುವುದಿಲ್ಲ. ಅಂಕಪಟ್ಟಿಯಲ್ಲಿ ಇವುಗಳಿಗೆ ಎಷ್ಟು ಅಂಕ ಕೊಟ್ಟಿದ್ದಾರೆ, ಹೇಳಿ ನೋಡೋಣ.

ನನಗೆ ಈ ಪಾಠ ಆದದ್ದು ಕುರ್ಲಾದ ಬಂಟರ ಭವನದ ಒಂದು ಮದುವೆಯಲ್ಲಿ. ಹಿಂದಿನ ದಿನ ನನ್ನ ಕ್ಯಾಮೆರಾ ಮಳೆಯಲ್ಲಿ ನೆನೆದಿತ್ತು. ಗೆಳೆಯನ ಕ್ಯಾಮೆರಾ ತಂದಿದ್ದೆ, ಎದುರು ಬ್ರ್ಯಾಂಡಿನದು. ಯಾವುದು ಎಂದು ಹೇಳುವುದಿಲ್ಲ, ಹೇಳಿದರೆ ಮತ್ತೆ ಜಗಳ ಅಲ್ಲಿಗೇ ಹೋಗುತ್ತದೆ. ಬೆಳಗಿನಿಂದ ಎಲ್ಲವೂ ಸರಿಯಾಗಿತ್ತು. ನಿಧಾನದ ಫೋಟೋಗಳಲ್ಲಿ ಯೋಚಿಸಿ ತಿರುಗಿಸಬಹುದಲ್ಲ! ಆಮೇಲೆ ಧಾರೆ ಬಂತು. ಮದುಮಕ್ಕಳ ಕೈ ಒಂದರ ಮೇಲೊಂದು, ಅಪ್ಪನ ಕೈಯಲ್ಲಿ ಗಿಂಡಿ. ಗಿಂಡಿಯ ಮೂತಿಯಿಂದ ನೀರು ಇಳಿಯಿತು, ವಾಲಗ ಏರಿತು. ಹತ್ತಿರ ತರಬೇಕೆಂದು ನನ್ನ ಎಡಗೈ ಎಷ್ಟೋ ವರ್ಷಗಳ ರೂಢಿಯಂತೆ ಉಂಗುರವನ್ನು ತಿರುಗಿಸಿತು. ಚೌಕಟ್ಟು ಹತ್ತಿರ ಬರಲಿಲ್ಲ, 24 ಮಿಲಿಮೀಟರಿಗೆ ಹಿಗ್ಗಿ ಕುಳಿತಿತು. ಒಳಗೆ ತುಂಬಿದ್ದು ನೆಂಟರ ತಲೆಗಳು, ಮೇಲೆತ್ತಿದ ಮೊಬೈಲುಗಳು. ತಿರುಗಿಸಿ ಸರಿಮಾಡುವಷ್ಟರಲ್ಲಿ ಗಿಂಡಿ ಕೆಳಗಿಳಿದಿತ್ತು.

ಆಲ್ಬಂ ನೋಡಿದ ಹುಡುಗಿಯ ಅಪ್ಪ ಜಗಳ ಆಡಲಿಲ್ಲ. ‘ಧಾರೆಯದು ಹತ್ತಿರದಿಂದ ತೆಗೆದದ್ದು ಒಂದೂ ಇಲ್ಲವೇ?’ ಎಂದಷ್ಟೇ ಕೇಳಿದರು. ಆ ಕ್ಯಾಮೆರಾದಲ್ಲಿ ಒಂದು ಕೊರತೆಯೂ ಇರಲಿಲ್ಲ. ಅದು ನನ್ನ ಕೈಯದಲ್ಲ, ಅಷ್ಟೇ. ಕೈ, ಕೈ, ಕೈ!

ಈಗ ಮೆಗಾಪಿಕ್ಸೆಲ್‌ನವರು ಬರುತ್ತಾರೆ. ಒಂದರಲ್ಲಿ 45.7, ಇನ್ನೊಂದರಲ್ಲಿ 30.4 ಎಂದು. ಬನ್ನಿ, ಲೆಕ್ಕ ಹಾಕೋಣ. ಮದುವೆ ಆಲ್ಬಂನ ಹಾಳೆ ಬಿಚ್ಚಿದರೆ 12x36 ಇಂಚು. ಒಂದು ಬದಿಗೆ 12x18. ಇಂಚಿಗೆ 300 ಪಿಕ್ಸೆಲ್‌ನಂತೆ ಅಚ್ಚು ಹಾಕಿದರೂ ಬೇಕಾಗುವುದು ಉದ್ದಕ್ಕೆ 5400. ಕ್ಯಾನನ್ 6720 ಕೊಡುತ್ತದೆ, ನಿಕಾನ್ 8256. ಎರಡೂ ಮಿಕ್ಕು ಉಳಿಯುತ್ತವೆ. ಮಿಕ್ಕದ್ದನ್ನು ಏನು ಮಾಡುತ್ತೀರಿ, ಉಪ್ಪಿನಕಾಯಿ ಹಾಕುತ್ತೀರಾ?

ಆಮೇಲೆ ‘ಕ್ಯಾನನ್‌ನಲ್ಲಿ ಮುಖದ ಬಣ್ಣ ಚೆನ್ನಾಗಿ ಬರುತ್ತದೆ’ ಎನ್ನುವವರು. ರಾ (RAW) ಫೈಲಿನಲ್ಲಿ, ಅಂದರೆ ಸೆನ್ಸರ್ ಹಿಡಿದದ್ದನ್ನು ಹಸಿಯಾಗಿಯೇ ಉಳಿಸುವ ಬಗೆಯಲ್ಲಿ, ತೆಗೆಯಿರಿ ಸ್ವಾಮಿ, ಬಣ್ಣವನ್ನು ಮನೆಗೆ ಬಂದು ಸರಿಮಾಡಿಕೊಳ್ಳಬಹುದು. ತಪ್ಪಿಹೋದ ಗಿಂಡಿಯ ನೀರನ್ನು ಯಾವ ಸಾಫ್ಟ್‌ವೇರ್ ತಂದುಕೊಡುತ್ತದೆ?

ಕೊನೆಗೆ ‘ಮಿರರ್‌ಲೆಸ್ ಕಾಲದಲ್ಲಿ ಡಿಎಸ್‌ಎಲ್‌ಆರ್ ಮಾತು ಏಕೆ’ ಎನ್ನುವ ಜಾಣರು. ಡಿಎಸ್‌ಎಲ್‌ಆರ್ ಎಂದರೆ ಒಳಗೆ ಕನ್ನಡಿ ಇರುವ ಕ್ಯಾಮೆರಾ, ಇಲ್ಲಿಯವರೆಗೆ ಹೇಳಿದ ಡಿ850, 5ಡಿ ಎರಡೂ ಅವೇ; ಮಿರರ್‌ಲೆಸ್ ಎಂದರೆ ಕನ್ನಡಿ ಇಲ್ಲದ್ದು. ಮುಂಬಯಿಯ ಫೋರ್ಟ್ ಭಾಗದಲ್ಲಿ ಕ್ಯಾಮೆರಾ ಅಂಗಡಿಗಳಿರುವ ಬೋರಾ ಬಜಾರ್‌ಗೆ ಒಂದು ಸಂಜೆ ಹೋಗಿ ನೋಡಿ. ಹೊಸದಾಗಿ ಕೆಲಸ ಹಿಡಿದ ಹುಡುಗರು ಹಳೆಯ ಬಾಡಿಗಳನ್ನು ಕಣ್ಣಿಗೆ ಹಿಡಿದು ನೋಡುತ್ತಿರುತ್ತಾರೆ. ಅವರ ದುಡ್ಡು ದುಡ್ಡಲ್ಲವೇ? ಇನ್ನು ಮಿರರ್‌ಲೆಸ್‌ಗೆಂದು 2018ರಲ್ಲಿ ನಿಕಾನ್ ಜೆಡ್ ಮೌಂಟ್ ತಂದಿತು, ಕ್ಯಾನನ್ ಆರ್‌ಎಫ್ ತಂದಿತು. ಕನ್ನಡಿ ಹೋಯಿತು, ಜೂಮ್ ತಿರುಗುವ ದಿಕ್ಕು ಹೋಗಲಿಲ್ಲ. ಇವತ್ತು ಕೈಗೆ ಕಲಿಸಿದ್ದು ನಾಳೆಗೂ ಬರುತ್ತದೆ ಎಂದೇ ನಾನು ಗಂಟಲು ಹರಿದುಕೊಳ್ಳುತ್ತಿರುವುದು.

ಕೊಳ್ಳುವ ಮೊದಲು ಒಂದು ದಿನ ಬಾಡಿಗೆಗೆ ತನ್ನಿ. ಕತ್ತಲೆ ಕೋಣೆಯಲ್ಲಿ ಕುಳಿತು ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮವಾಗಿರಬೇಕೆಂಬ ಅಳತೆ) ಬದಲಿಸಿ, ಲೆನ್ಸ್ ಬಿಚ್ಚಿ ಹಾಕಿ. ಬೆರಳು ತಡಕಾಡಿದರೆ ವಾಪಸ್ ಕೊಡಿ. ನೂರಕ್ಕೆ ನೂರು ಅಂಕ ಇರಲಿ, ವಾಪಸ್ ಕೊಡಿ!

ಚಾನೆಲ್‌ಗೆ ಇನ್ನೂ ಚಂದಾದಾರರಾಗದವರು ಈಗಲೇ ಆಗಿ. ಬರುವ ಭಾನುವಾರ ಡೊಂಬಿವಲಿಯಲ್ಲಿ ನನ್ನ ತರಗತಿ ಇದೆ, ಕನ್ನಡದಲ್ಲೇ, ವಿವರ ಕೆಳಗೆ ಹಾಕಿದ್ದೇನೆ. ಆ ಕಮೆಂಟ್ ಬರೆದ ತಮ್ಮನೂ ಬರಲಿ, ಅವನಿಗೆ ಶುಲ್ಕ ಬೇಡ. ಮೇಜಿನ ಮೇಲೆ ಎರಡೂ ಕ್ಯಾಮೆರಾ ಇಟ್ಟಿರುತ್ತೇನೆ. ಗಿಂಡಿಯೂ ಇರುತ್ತದೆ, ನೀರು ನಾನೇ ಸುರಿಯುತ್ತೇನೆ. ನೀರು ಮುಗಿಯುವುದರೊಳಗೆ ಎರಡರಲ್ಲೂ ಒಂದೊಂದು ಫೋಟೋ ತೆಗೆದು ತೋರಿಸಲಿ.