ದುಡ್ಡು ಕೊಡುವವರು ಒಬ್ಬರು, ಉತ್ತರ ಕೊಡುವವರು ಇನ್ನೊಬ್ಬರು

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಂಗಳೂರಿನಲ್ಲಿ ಒಂದು ಬಗೆಯ ಆಫೀಸುಗಳಿವೆ. ಜಯನಗರದಲ್ಲೋ ಮಲ್ಲೇಶ್ವರದಲ್ಲೋ ಹಳೆಯ ಮನೆಯ ಮೊದಲ ಮಹಡಿಯಲ್ಲಿರುತ್ತವೆ. ಬೋರ್ಡು ಚಿಕ್ಕದು. ಒಳಗೆ ಏನು ನಡೆಯುತ್ತದೆ ಅಂತ ಪಕ್ಕದ ಮನೆಯವರಿಗೂ ಗೊತ್ತಿರುವುದಿಲ್ಲ. ಒಂದಷ್ಟು ಜನ ಕಂಪ್ಯೂಟರ್ ಮುಂದೆ ಕೂತಿರುತ್ತಾರೆ. ಇನ್ನೊಂದಷ್ಟು ಜನ ರಾತ್ರಿ ಮೆಜೆಸ್ಟಿಕ್‌ನಲ್ಲಿ ರಾಯಚೂರಿನ ಬಸ್ಸೋ ಯಾದಗಿರಿಯ ಬಸ್ಸೋ ಹತ್ತಿ ಹೋಗುತ್ತಾರೆ. ಕೊರಳಲ್ಲಿ ಐಡಿ ಕಾರ್ಡು, ಬ್ಯಾಗಿನಲ್ಲಿ ಟ್ಯಾಬು. ಇವು ಸಾಮಾಜಿಕ ಸಂಶೋಧನೆ ಮತ್ತು ಸಲಹೆಯ ಸಂಸ್ಥೆಗಳು. ಅಂಥ ಒಂದು ಸಂಸ್ಥೆಯಲ್ಲಿ ನಾನೂ ಕೆಲಸ ಮಾಡುತ್ತೇನೆ.

ನಮ್ಮ ಕೆಲಸದಲ್ಲಿ ದೊಡ್ಡ ಪಾಲು ಮೌಲ್ಯಮಾಪನ. ಸರ್ಕಾರವೋ ಕಂಪನಿಯೋ ಟ್ರಸ್ಟೋ ಜನರಿಗಾಗಿ ಒಂದು ಯೋಜನೆ ಮಾಡುತ್ತದೆ. ದುಡ್ಡು ಖರ್ಚಾಗುತ್ತದೆ. ಅದರಿಂದ ನಿಜಕ್ಕೂ ಏನಾದರೂ ಆಯಿತಾ ಅಂತ ಹೊರಗಿನವರು ಹೋಗಿ ನೋಡಿ ಹೇಳಬೇಕು. ಹೇಳೋದಕ್ಕೆ ಸುಲಭ. ಆದರೆ ಇದರ ಬುಡದಲ್ಲೇ ಒಂದು ತೊಡಕಿದೆ. ಯಾರ ಯೋಜನೆಯನ್ನು ನಾವು ಅಳೆಯುತ್ತೇವೋ, ಸಾಮಾನ್ಯವಾಗಿ ನಮಗೆ ದುಡ್ಡು ಕೊಡುವವರೂ ಅವರೇ. ಪರೀಕ್ಷೆ ಬರೆದ ಹುಡುಗನ ಅಪ್ಪನೇ ಪೇಪರ್ ತಿದ್ದುವವರಿಗೆ ಸಂಬಳ ಕೊಟ್ಟ ಹಾಗೆ. ಇನ್ನೊಂದು ಕಡೆ, ತಮ್ಮ ಸಮಯ ಕೊಟ್ಟು, ಮನೆಯ ಸಂಗತಿ ಹೇಳಿ ನಮಗೆ ಮಾಹಿತಿ ಕೊಡುವ ಹಳ್ಳಿಯ ಹೆಂಗಸಿಗೆ ನಾವು ಏನೂ ಕೊಡುವುದಿಲ್ಲ. ಎಷ್ಟೋ ಸಲ ಆ ರಿಪೋರ್ಟು ಅವಳ ಕಣ್ಣಿಗೆ ಬೀಳುವುದೂ ಇಲ್ಲ. ಒಂದು ಸಂಸ್ಥೆಯ ಮೌಲ್ಯಗಳು ಏನು ಅಂತ ತಿಳಿಯಬೇಕಾದರೆ ಇವರಿಬ್ಬರ ನಡುವೆ ಅದು ಹೇಗೆ ನಡೆದುಕೊಳ್ಳುತ್ತದೆ ಅಂತ ನೋಡಬೇಕು. ಗೋಡೆಗೆ ಫ್ರೇಮ್ ಹಾಕಿಸಿ ಏನು ಬೇಕಾದರೂ ಬರೆಸಬಹುದು.

ಈ ವಿಷಯದಲ್ಲಿ ನಮ್ಮ ಊರಿಗೇ ಒಂದು ಒಳ್ಳೆಯ ಕಥೆ ಇದೆ. 1993ರಲ್ಲಿ ಅರ್ಥಶಾಸ್ತ್ರಜ್ಞ ಸ್ಯಾಮ್ಯುಯಲ್ ಪಾಲ್ ಮತ್ತು ಅವರ ಜೊತೆಯವರು ಬೆಂಗಳೂರಿನ ಜನರನ್ನು ಒಂದು ಸರಳ ಪ್ರಶ್ನೆ ಕೇಳಿದರು. ನೀರಿನವರು, ಕರೆಂಟಿನವರು, ಬಿಡಿಎ, ಕಾರ್ಪೊರೇಷನ್ ಇವರೆಲ್ಲರ ಕೆಲಸ ನಿಮಗೆ ತೃಪ್ತಿ ತಂದಿದೆಯಾ ಅಂತ. ಉತ್ತರಗಳನ್ನು ಕೂಡಿಸಿ ಇಲಾಖೆಗಳಿಗೆ ಮಾರ್ಕ್ಸ್ ಕಾರ್ಡು ಕೊಟ್ಟರು. ತೃಪ್ತಿ ಇದೆ ಅಂದವರು ತೀರಾ ಕಡಿಮೆ. ಪತ್ರಿಕೆಗಳು ಅದನ್ನು ದೊಡ್ಡದಾಗಿ ಹಾಕಿದವು. 1994ರಲ್ಲಿ ಪಾಲ್ ಅವರು ಇದೇ ಕೆಲಸಕ್ಕೆ ಪಬ್ಲಿಕ್ ಅಫೇರ್ಸ್ ಸೆಂಟರ್ ಅನ್ನುವ ಸಂಸ್ಥೆ ಶುರುಮಾಡಿದರು. 1999ರಲ್ಲಿ ಮತ್ತೊಮ್ಮೆ ಕೇಳಿದರು, ಸ್ವಲ್ಪ ಮಾತ್ರ ಸುಧಾರಿಸಿತ್ತು. 2003ರಲ್ಲಿ ಕೇಳಿದಾಗ ಎದ್ದು ಕಾಣುವಷ್ಟು ಬದಲಾವಣೆ ಇತ್ತು. ನನಗೆ ಇದರಲ್ಲಿ ಮುಖ್ಯ ಅನಿಸುವುದು ಏನೆಂದರೆ, ಆ ಇಲಾಖೆಗಳು ಕೇಳಿ ಮಾಡಿಸಿಕೊಂಡ ಸರ್ವೆ ಅದಾಗಿರಲಿಲ್ಲ. ಹಾಗಾಗಿ ಫಲಿತಾಂಶವನ್ನು ಬೀರುವಿನೊಳಗೆ ಇಡುವ ಅಧಿಕಾರ ಯಾರಿಗೂ ಇರಲಿಲ್ಲ.

ಈಗಿನ ಮೌಲ್ಯಮಾಪನ ಹೆಚ್ಚಾಗಿ ಹಾಗಿಲ್ಲ. ನಮ್ಮ ರಾಜ್ಯ ಸರ್ಕಾರ 2000ದಲ್ಲೇ ಮೌಲ್ಯಮಾಪನ ನೀತಿ ಮಾಡಿತು. 2011ರಲ್ಲಿ ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರ ಬಂತು. ಇಲಾಖೆಗಳ ಯೋಜನೆಗಳನ್ನು ಹೊರಗಿನ ಸಂಸ್ಥೆಗಳಿಂದ ಅಳೆಸಿ, ವರದಿಗಳನ್ನು ತನ್ನ ಜಾಲತಾಣದಲ್ಲಿ ಹಾಕುತ್ತದೆ. ಇಲಾಖೆಗೂ ನಮ್ಮಂಥವರಿಗೂ ನಡುವೆ ಹೀಗೆ ಒಬ್ಬರು ಇರುವುದು ಒಳ್ಳೆಯದು. ಕಂಪನಿಗಳ ಕಡೆ ಅಂಥ ನಡುವಿನವರು ಇಲ್ಲ. ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇಕಡಾ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಕೊಡಬೇಕು. 2021ರ ತಿದ್ದುಪಡಿ ಬಂದ ಮೇಲೆ, ಹೀಗೆ ಸರಾಸರಿ 10 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಕೊಡಬೇಕಾದ ಕಂಪನಿಗಳು, 1 ಕೋಟಿ ಮತ್ತು ಅದಕ್ಕೂ ದೊಡ್ಡ ಯೋಜನೆಗಳ ಪರಿಣಾಮವನ್ನು ಸ್ವತಂತ್ರ ಸಂಸ್ಥೆಯಿಂದ ಅಳೆಸಲೇಬೇಕು. ಸ್ವತಂತ್ರ ಅಂತ ನಿಯಮದಲ್ಲಿದೆ ನಿಜ. ಆದರೆ ಆ ಸಂಸ್ಥೆಯನ್ನು ಆರಿಸುವವರು, ದುಡ್ಡು ಕೊಡುವವರು ಎರಡೂ ಕಂಪನಿಯವರೇ. ಕೆಲವರಿಗೆ ಬೇಕಾಗಿರುವುದು ನಗುವ ಮಕ್ಕಳ ಫೋಟೊ, ಜೊತೆಗೆ ‘ಹಾಕಿದ ಒಂದು ರೂಪಾಯಿಗೆ ಇಷ್ಟು ರೂಪಾಯಿ ಸಾಮಾಜಿಕ ಲಾಭ’ ಅನ್ನುವ ಒಂದು ಅಂಕಿ. ಆ ಅಂಕಿಗಳನ್ನು ಕಂಡರೆ ನನಗೆ ಅನುಮಾನ. ಒಂದು ಮಗು ಶಾಲೆಗೆ ಮರಳಿ ಬಂದದ್ದಕ್ಕೆ ಯಾರೋ ಒಂದು ಬೆಲೆ ಅಂದಾಜು ಮಾಡಿರುತ್ತಾರೆ. ಆ ಅಂದಾಜು ಸ್ವಲ್ಪ ಅಲುಗಿದರೆ ಒಟ್ಟು ಲೆಕ್ಕವೇ ಬದಲಾಗುತ್ತದೆ.

ಇನ್ನು ಅಳೆಯುವ ಕೆಲಸಕ್ಕೆ ಬರೋಣ. ನಮ್ಮ ಸರ್ಕಾರಿ ಶಾಲೆಗಳಲ್ಲಿ 2013ರಿಂದ ಕ್ಷೀರಭಾಗ್ಯ ನಡೆಯುತ್ತಿದೆ, ಮಕ್ಕಳಿಗೆ ಹಾಲು ಕೊಡುತ್ತಾರೆ. ಇಂಥ ಯೋಜನೆಯೊಂದನ್ನು ಅಳೆಯಲು ಹೋದವರು ‘ಒಂದು ವರ್ಷದಲ್ಲಿ ಮಕ್ಕಳ ತೂಕ ಜಾಸ್ತಿ ಆಯಿತು’ ಅಂತ ಬರೆದರೆ ಏನು ಬಂತು? ಮಕ್ಕಳು ಹಾಲು ಕುಡಿಯಲಿ ಬಿಡಲಿ, ವರ್ಷಕ್ಕೆ ಅಷ್ಟೋ ಇಷ್ಟೋ ಬೆಳೆದೇ ಬೆಳೆಯುತ್ತಾರೆ ಅಲ್ವಾ. ಯೋಜನೆ ಇಲ್ಲದೇ ಹೋಗಿದ್ದರೆ ಎಷ್ಟು ಬೆಳೆಯುತ್ತಿದ್ದರು ಅನ್ನುವುದೇ ನಿಜವಾದ ಪ್ರಶ್ನೆ. ಅದಕ್ಕೆ ಉತ್ತರ ಬೇಕಾದರೆ ಯೋಜನೆ ಶುರುವಾಗುವ ಮೊದಲೇ ಒಂದು ಬೇಸ್‌ಲೈನ್ ಸರ್ವೆ, ಅಂದರೆ ಆಗಿನ ಸ್ಥಿತಿ ಹೇಗಿದೆ ಅಂತ ಅಳೆದಿಡುವ ಸರ್ವೆ, ಆಗಿರಬೇಕು. ಹೋಲಿಸಿ ನೋಡಲು ಯೋಜನೆ ತಲುಪದ, ಉಳಿದಂತೆ ಅದೇ ತರಹದ ಊರುಗಳೂ ಬೇಕು. ಆದರೆ ನಮ್ಮ ಹತ್ತಿರ ಬರುವವರು ಹೆಚ್ಚಾಗಿ ಯೋಜನೆ ಮುಗಿದ ಮೇಲೆ ಬರುತ್ತಾರೆ. ರಾಜ್ಯದ ಎಲ್ಲಾ ಶಾಲೆಗೂ ಹಾಲು ಹೋಗುತ್ತಿರುವಾಗ ಹಾಲಿಲ್ಲದ ಶಾಲೆ ಎಲ್ಲಿ ಹುಡುಕುವುದು? ಆಗ ‘ಇದರಿಂದಲೇ ಆಯಿತು’ ಅನ್ನಲು ಬರುವುದಿಲ್ಲ, ‘ಇದರ ಪಾಲೂ ಇರಬಹುದು’ ಅನ್ನಬಹುದು. ಎಷ್ಟು ಗೊತ್ತಾಯಿತೋ ಅಷ್ಟೇ ಹೇಳಬೇಕು. ಕೆಲಸ ಕೊಟ್ಟವರಿಗೆ ಸಪ್ಪೆ ಅನಿಸಿದರೂ ಸರಿ.

ಪ್ರಶ್ನೆ ಕೇಳುವ ರೀತಿಯಲ್ಲೂ ಇದೇ ತರಹ. ‘ನಿಮ್ಮ ಮನೆಯವರು ಶೌಚಾಲಯ ಬಳಸುತ್ತಾರಾ?’ ಅಂತ ಕೇಳಿದರೆ ‘ಹೂಂ’ ಅನ್ನುತ್ತಾರೆ. ಐಡಿ ಕಾರ್ಡ್ ಹಾಕಿಕೊಂಡು ಬೆಂಗಳೂರಿನಿಂದ ಬಂದವರ ಮುಂದೆ ಇಲ್ಲ ಅನ್ನಲು ಯಾರಿಗೆ ಮನಸ್ಸು ಬರುತ್ತದೆ? ಅದನ್ನೇ ಒಬ್ಬೊಬ್ಬರ ಹೆಸರು ಹಿಡಿದು ಕೇಳಬೇಕು. ನೀವು ಎಲ್ಲಿಗೆ ಹೋಗುತ್ತೀರಿ, ನಿಮ್ಮ ಮಾವ ಎಲ್ಲಿಗೆ ಹೋಗುತ್ತಾರೆ, ದೊಡ್ಡ ಮಗ ಎಲ್ಲಿಗೆ ಅಂತ. ‘ಅವರು ಹೊಲದ ಕಡೆನೇ ಹೋಗೋದು’ ಅನ್ನುವ ಮಾತು ಆಗ ಹೊರಗೆ ಬರುತ್ತದೆ. ಇದಕ್ಕೆ ಸಮಯ ಜಾಸ್ತಿ ಹಿಡಿಯುತ್ತದೆ. ಸಮಯ ಅಂದರೆ ದುಡ್ಡು. ಟೆಂಡರಿನಲ್ಲಿ ಕಡಿಮೆ ರೇಟು ಹಾಕಿದವರು ಮೊದಲು ಕತ್ತರಿಸುವುದು ಇದನ್ನೇ.

ಬೀಗ ಹಾಕಿದ ಮನೆಯ ವಿಚಾರ ಇದಕ್ಕಿಂತ ದೊಡ್ಡದು. ಸ್ಯಾಂಪಲ್ ಪಟ್ಟಿಯಲ್ಲಿ, ಅಂದರೆ ಸರ್ವೆಗೆ ಆರಿಸಿದ ಮನೆಗಳ ಪಟ್ಟಿಯಲ್ಲಿ, ಒಂದು ಮನೆ ಇರುತ್ತದೆ. ಹೋದರೆ ಬೀಗ. ಪಕ್ಕದ ಮನೆಗೆ ಹೋಗಿ ಫಾರಂ ತುಂಬಿಸಿಬಿಟ್ಟರೆ ಆಯಿತು, ಸಂಖ್ಯೆ ಸರಿಹೋಗುತ್ತದೆ. ಆದರೆ ಯಾದಗಿರಿ, ಕಲಬುರಗಿಯ ಹಳ್ಳಿಗಳಲ್ಲಿ ಬೀಗ ಹಾಕಿರುವವರು ಯಾರು? ದುಡಿಯಲು ಗುಳೆ ಹೋದವರು. ಭೂಮಿ ಇಲ್ಲದವರು, ಸಾಲ ಇರುವವರು. ಊರಿನಲ್ಲೇ ಉಳಿದಿರುವ ಪಕ್ಕದ ಮನೆಯವರು ಅವರಿಗಿಂತ ಸ್ವಲ್ಪ ಗಟ್ಟಿ ಇರುತ್ತಾರೆ. ಹೀಗೆ ಬೀಗದ ಮನೆಗಳನ್ನೆಲ್ಲ ದಾಟುತ್ತಾ ಹೋದರೆ, ಬಡತನ ಇರುವುದಕ್ಕಿಂತ ಕಡಿಮೆ ಇದೆ ಅಂತ ರಿಪೋರ್ಟಿನಲ್ಲಿ ಬರುತ್ತದೆ. ಆ ಮನೆಯವರು ಇಲ್ಲೇ ನಮ್ಮ ನಡುವೆ ಇರಬಹುದು. ವೈಟ್‌ಫೀಲ್ಡ್, ಬೆಳ್ಳಂದೂರು, ಹೆಬ್ಬಾಳದ ಕಡೆ ನೀಲಿ ಟಾರ್ಪಾಲಿನ ಶೆಡ್ಡುಗಳಲ್ಲಿ ಇರುತ್ತಾರೆ. ಇಲ್ಲಿನ ಪಟ್ಟಿಯಲ್ಲೂ ಅವರ ಹೆಸರು ಇರುವುದಿಲ್ಲ. ಆದ್ದರಿಂದ ಬೀಗ ಹಾಕಿದ ಮನೆಗಳೆಷ್ಟು, ಎಷ್ಟು ಸಲ ಹೋದೆವು, ಅವರು ಎಲ್ಲಿಗೆ ಹೋಗಿದ್ದಾರೆ ಅಂತ ಅಕ್ಕಪಕ್ಕದವರು ಹೇಳಿದರು ಅನ್ನುವುದನ್ನು ರಿಪೋರ್ಟಿನಲ್ಲಿ ಬರೆಯಲೇಬೇಕು ಅಂತ ನಾವು ಹಟ ಹಿಡಿಯುತ್ತೇವೆ.

ಬೆಂಗಳೂರಿನಲ್ಲಿ ಇದೇ ಸಮಸ್ಯೆಗೆ ಬೇರೆ ಮುಖ. ಪೀಣ್ಯ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಭಾನುವಾರ ಬಿಟ್ಟು ಮನೆಯಲ್ಲಿ ಸಿಗುವುದೇ ಇಲ್ಲ. ಆ ಒಂದು ದಿನವೂ ಬಟ್ಟೆ ಒಗೆಯುವುದು, ರೇಷನ್ ತರುವುದು, ಮಕ್ಕಳ ತಲೆಗೆ ಎಣ್ಣೆ ಹಾಕುವುದು. ಅದರ ನಡುವೆ ನಾವು. ಪೌರಕಾರ್ಮಿಕರನ್ನು ಮಾತಾಡಿಸಬೇಕಾದರೆ ಅವರ ಕೆಲಸ ಮುಗಿದ ಮೇಲೆ ಹೋಗಬೇಕು. ಇನ್ನು ದೊಡ್ಡ ಅಪಾರ್ಟ್‌ಮೆಂಟುಗಳ ಗೇಟಿನೊಳಗೆ ಸರ್ವೆಯವರನ್ನು ಬಿಡುವುದೇ ಇಲ್ಲ. ಹಾಗಾಗಿ ಈ ಊರಿನ ಬಡವರ ಬಗ್ಗೆ ನಮಗೆ ಗೊತ್ತಿರುವಷ್ಟು ಶ್ರೀಮಂತರ ಬಗ್ಗೆ ಗೊತ್ತಿಲ್ಲ. ತಮಾಷೆ ಅಲ್ಲ, ನೀರು ಎಷ್ಟು ಬಳಸುತ್ತಾರೆ ಅಂತ ಕೇಳಬೇಕಾಗಿರುವುದು ಅಲ್ಲೇ.

ಫೀಲ್ಡಿಗೆ ಹೋಗುವವರ ಸಂಬಳದ ಬಗ್ಗೆ ಒಂದು ಮಾತು. ನಮ್ಮ ಕ್ಷೇತ್ರದಲ್ಲಿ ಫಾರಂ ಲೆಕ್ಕದಲ್ಲಿ ದುಡ್ಡು ಕೊಡುವ ರೂಢಿ ಇದೆ. ತುಂಬಿದ ಒಂದು ಫಾರಂಗೆ ಇಷ್ಟು ಅಂತ. ಹಾಗೆ ಕೊಟ್ಟರೆ ಸಂಜೆ ಹೊತ್ತಿಗೆ ಅರಳಿಕಟ್ಟೆ ಮೇಲೆ ಕೂತು ಫಾರಂ ತುಂಬುವವರು ಹುಟ್ಟಿಕೊಳ್ಳುತ್ತಾರೆ. ಈಗ ಟ್ಯಾಬಿನಲ್ಲಿ ಸಮಯ, ಜಾಗ ಎಲ್ಲಾ ದಾಖಲಾಗುತ್ತದೆ, ಕೆಲವು ಮನೆಗಳಿಗೆ ಸೂಪರ್‌ವೈಸರ್ ಮತ್ತೆ ಹೋಗಿ ಉತ್ತರ ಸರಿಯಿದೆಯಾ ಅಂತ ಬ್ಯಾಕ್ ಚೆಕ್ ಮಾಡುತ್ತಾರೆ, ಹಾಗಾಗಿ ಅಂಥವರು ಸಿಕ್ಕಿಬೀಳುತ್ತಾರೆ. ಸಿಕ್ಕಿಬಿದ್ದವರನ್ನು ತೆಗೆದುಹಾಕುವುದು ಸುಲಭ. ಆದರೆ ದಿನಗೂಲಿ ಸರಿಯಾಗಿ ಕೊಟ್ಟು, ಬಸ್ ಚಾರ್ಜು, ರಾತ್ರಿ ಉಳಿಯಲು ಸುರಕ್ಷಿತ ಜಾಗ ನೋಡಿಕೊಂಡರೆ ಈ ಕಳ್ಳಾಟ ಎಷ್ಟೋ ಕಡಿಮೆಯಾಗುತ್ತದೆ. ಹೆಣ್ಣುಮಕ್ಕಳು ಈ ಕೆಲಸದಲ್ಲಿ ಉಳಿಯುವುದೂ ಆಗಲೇ. ಅವರಿಲ್ಲದಿದ್ದರೆ ಬಾಣಂತಿಯನ್ನು ಮಾತಾಡಿಸುವವರು ಯಾರು?

ಇನ್ನು ಒಪ್ಪಿಗೆ. ಸರ್ವೆಗೆ ಹೋದವರು ಬಾಗಿಲಲ್ಲಿ ನಿಂತರೆ ಜನರ ತಲೆಯಲ್ಲಿ ಮೊದಲು ಬರುವುದು ರೇಷನ್ ಕಾರ್ಡು. ಟಿವಿ ಇದೆ ಅಂದರೆ ಬಿಪಿಎಲ್ ಕಾರ್ಡ್ ಹೋಗುತ್ತದೇನೋ ಅನ್ನುವ ಭಯ. ಇಲ್ಲದಿದ್ದರೆ ‘ಅಣ್ಣಾ, ಮನೆ ಮಂಜೂರು ಮಾಡಿಸ್ತೀರಾ?’ ಅನ್ನುವ ಆಸೆ. ಎರಡನ್ನೂ ಮೊದಲೇ ಬಿಡಿಸಿ ಹೇಳಬೇಕು. ‘ಅಮ್ಮಾ, ನಮ್ಮಿಂದ ಕಾರ್ಡು ಹೋಗೋದೂ ಇಲ್ಲ, ಮನೆ ಬರೋದೂ ಇಲ್ಲ. ಇಷ್ಟ ಇಲ್ಲ ಅಂದ್ರೆ ಉತ್ತರ ಹೇಳಬೇಡಿ’ ಅಂತ. ಹಾಗಂದ ಮೇಲೂ ಅವರು ಚಾಪೆ ಹಾಸಿ ಕೂರಿಸಿ ಚಹಾ ಕೊಟ್ಟು ಮಾತಾಡುತ್ತಾರಲ್ಲ, ಅದಕ್ಕೆ ನಾವು ಋಣಿಗಳಾಗಿರಬೇಕು.

ಅವರು ಹೇಳಿದ್ದನ್ನು ಕಾಪಾಡುವುದು ಮುಂದಿನ ಕೆಲಸ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದು ಅಧ್ಯಯನ ಮಾಡಿದರು. ರಾಂಪುರ ಅಂತ ಅದು ಜಗತ್ತಿಗೆಲ್ಲ ಪರಿಚಯವಾಯಿತು. ಅದು ಆ ಊರಿನ ಅಸಲಿ ಹೆಸರಲ್ಲ, ಅವರು ಬದಲಿಸಿ ಇಟ್ಟದ್ದು. ನಮ್ಮ ಕೆಲಸದಲ್ಲಿ ಊರಿನ ಹೆಸರು ಮುಚ್ಚಿದರೂ ಕೆಲವೊಮ್ಮೆ ಸಾಲದು. ಎಷ್ಟೋ ಊರುಗಳಲ್ಲಿ ಇರುವುದು ಒಬ್ಬರೇ ಆಶಾ ಕಾರ್ಯಕರ್ತೆ, ಒಬ್ಬರೇ ಅಂಗನವಾಡಿ ಟೀಚರ್. ‘ಇಂಥ ಹೋಬಳಿಯ ಒಂದು ಅಂಗನವಾಡಿಯಲ್ಲಿ ಮೊಟ್ಟೆ ಸರಿಯಾಗಿ ಹಂಚುತ್ತಿಲ್ಲ’ ಅಂತ ಬರೆದರೆ ಯಾರು ಹೇಳಿದ್ದು, ಯಾರ ಬಗ್ಗೆ ಅಂತ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಇಲಾಖೆಯವರು ಹೆಸರು ಕೇಳುತ್ತಾರೆ, ಕ್ರಮ ತೆಗೆದುಕೊಳ್ಳಬೇಕು ಅನ್ನುತ್ತಾರೆ. ಅವರ ಕಡೆಯಿಂದ ನೋಡಿದರೆ ಅದೂ ನ್ಯಾಯವೇ. ಆದರೂ ಕೊಡುವಂತಿಲ್ಲ. ಮೊಟ್ಟೆ ಯಾಕೆ ತಲುಪುತ್ತಿಲ್ಲ, ಅದರ ದುಡ್ಡು ಟೀಚರಿಗೆ ಎಷ್ಟು ತಡವಾಗಿ ಬರುತ್ತಿದೆ ಅನ್ನುವುದನ್ನು ಹೇಳಬಹುದು. ಒಂದೇ ಒಂದು ಕಡೆ ಈ ಗುಟ್ಟು ನಿಲ್ಲುವುದಿಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ತಿಳಿದರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ತಿಳಿಸಲೇಬೇಕು. ಅದನ್ನು ಮಾತು ಶುರು ಮಾಡುವ ಮೊದಲೇ ಹೇಳಿಬಿಡುವುದು ಸರಿ.

ಈಗ ಕಷ್ಟದ ಘಟ್ಟ, ಡ್ರಾಫ್ಟ್ ರಿಪೋರ್ಟಿನ ಮೀಟಿಂಗು. ಉದ್ದ ಮೇಜು, ಕಾಫಿ, ಬಿಸ್ಕತ್ತು, ಪರದೆ ಮೇಲೆ ನಮ್ಮ ಚಾರ್ಟುಗಳು. ಎಲ್ಲರೂ ನಗುನಗುತ್ತಾ ಇರುತ್ತಾರೆ. ಆಮೇಲೆ ಯಾರೋ ಒಬ್ಬರು ‘ಮೇಡಂ, ಇಪ್ಪತ್ತೆರಡನೇ ಪುಟದಲ್ಲಿ ಸ್ವಲ್ಪ ನೆಗೆಟಿವ್ ಆಗಿ ಬಂದಿದೆ’ ಅನ್ನುತ್ತಾರೆ. ಇಲ್ಲಿ ಗಮನ ಇಟ್ಟು ಕೇಳಬೇಕು. ಅವರು ಹೇಳುತ್ತಿರುವುದು ನಿಜವಾದ ತಪ್ಪಿನ ಬಗ್ಗೆ ಇರಬಹುದು. ಯೋಜನೆ ಆ ತಾಲ್ಲೂಕಿನಲ್ಲಿ ಎರಡು ವರ್ಷ ತಡವಾಗಿ ಶುರುವಾಯಿತು, ನೀವು ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ ಅಂದರೆ ತಿದ್ದಬೇಕು, ಥ್ಯಾಂಕ್ಸ್ ಅನ್ನಬೇಕು. ಮಾತು ಚುಚ್ಚುವಂತಿದೆ ಅಂದರೆ ಮೆತ್ತಗೆ ಬರೆಯಬಹುದು, ಅದರಲ್ಲೇನೂ ನಷ್ಟ ಇಲ್ಲ. ಆದರೆ ಆ ಪ್ಯಾರಾವನ್ನೇ ತೆಗೆಯಿರಿ ಅಂದರೆ? ಮುಂದಿನ ಕೆಲಸವೂ ಇವರಿಂದಲೇ ಬರಬೇಕು, ಆಫೀಸಿನ ಬಾಡಿಗೆ ಕಟ್ಟಬೇಕು. ಯಾವ ಆದರ್ಶದ ಮಾತೂ ಆ ಮೀಟಿಂಗಿನಲ್ಲಿ ತಾನಾಗಿಯೇ ಕೆಲಸಕ್ಕೆ ಬರುವುದಿಲ್ಲ. ಕರಾರಿನಲ್ಲಿ ಮೊದಲೇ ಬರೆದದ್ದು ಬರುತ್ತದೆ. ತಪ್ಪು ಇದ್ದರೆ ತಿದ್ದುತ್ತೇವೆ, ಕಂಡುಕೊಂಡದ್ದನ್ನು ತೆಗೆಯುವುದಿಲ್ಲ, ನಿಮಗೆ ಒಪ್ಪಿಗೆ ಇಲ್ಲದಿದ್ದರೆ ನಿಮ್ಮ ಉತ್ತರವನ್ನು ರಿಪೋರ್ಟಿನ ಕೊನೆಗೆ ಸೇರಿಸುತ್ತೇವೆ ಅಂತ. ಇದಕ್ಕೆ ಸಹಿ ಹಾಕಲು ಹಿಂಜರಿಯುವವರು ಇದ್ದಾರೆ. ಅಂಥ ಕೆಲಸ ಕೈಬಿಡುವುದು ಹಣಕಾಸು ವರ್ಷದ ಶುರುವಿನಲ್ಲಿ ಸುಲಭ, ಲೆಕ್ಕ ಮುಗಿಸುವ ಮಾರ್ಚ್ ತಿಂಗಳಲ್ಲಿ ಕಷ್ಟ.

ಸಲಹೆ ಕೊಡುವ ಸಂಸ್ಥೆಗಳಿಗೆ ಇನ್ನೊಂದು ಬಲೆಯೂ ಇದೆ. ಯೋಜನೆ ರೂಪಿಸಲು ಸಲಹೆ ಕೊಟ್ಟವರೇ ಮೂರು ವರ್ಷದ ನಂತರ ಅದನ್ನು ಅಳೆಯಲು ಹೋಗಬಾರದು. ತಾವೇ ಹೇಳಿಕೊಟ್ಟದ್ದು ಸೋತಿದೆ ಅಂತ ಯಾರು ಬರೆಯುತ್ತಾರೆ? ಇದು ಸರಳ ನಿಯಮ. ಪಾಲಿಸುವವರು ಮಾತ್ರ ಕಡಿಮೆ.

ಇಷ್ಟೆಲ್ಲ ಆದಮೇಲೆ ರಿಪೋರ್ಟು ಇಂಗ್ಲಿಷಿನಲ್ಲಿ, ಬಣ್ಣದ ರಟ್ಟಿನೊಳಗೆ ಹೊರಗೆ ಬರುತ್ತದೆ. ಉತ್ತರ ಹೇಳಿದ ಊರಿಗೆ ಏನು ಹೋಗುತ್ತದೆ? ಏನೂ ಇಲ್ಲ, ಯಾಕೆಂದರೆ ಬಜೆಟ್ಟಿನಲ್ಲಿ ಅದಕ್ಕೆ ಒಂದು ಸಾಲೇ ಇರುವುದಿಲ್ಲ. ಎರಡು ಪುಟದ ಕನ್ನಡ ಸಾರಾಂಶ, ಗ್ರಾಮಸಭೆಯಲ್ಲೋ ಸ್ತ್ರೀಶಕ್ತಿ ಸಂಘದ ಸಭೆಯಲ್ಲೋ ಒಂದು ಗಂಟೆ ಮಾತು, ಇಷ್ಟಕ್ಕೆ ಒಟ್ಟು ಖರ್ಚಿನಲ್ಲಿ ತೀರಾ ಸಣ್ಣ ಪಾಲು ಸಾಕು. ನಾವು ಈಗ ಅದನ್ನು ಮೊದಲ ಅಂದಾಜುಪಟ್ಟಿಯಲ್ಲೇ ಹಾಕಿಬಿಡುತ್ತೇವೆ. ಹಾಗೆ ಹೋದಾಗ ಜನ ಸುಮ್ನೆ ಕೇಳಿಸಿಕೊಳ್ಳುವುದಿಲ್ಲ. ‘ಇದು ಸರಿ ಇಲ್ಲ, ನಮ್ಮ ಕೇರಿಗೆ ನೀವು ಬಂದೇ ಇಲ್ಲ’ ಅಂತ ಎದ್ದು ನಿಂತು ಹೇಳುತ್ತಾರೆ. ಆಫೀಸಿನಲ್ಲಿ ಕೂತವರು ಯಾರೂ ಹಿಡಿಯದ ತಪ್ಪುಗಳನ್ನು ಹಿಡಿಯುತ್ತಾರೆ. ಆ ಸಭೆಯನ್ನು ಫೈನಲ್ ರಿಪೋರ್ಟಿಗೆ ಮೊದಲೇ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ನಿಮ್ಮ ಮನೆಗೂ ಒಂದು ದಿನ ಇಂಥ ಯಾರಾದರೂ ಬರಬಹುದು. ಬಂದವರ ಐಡಿ ಕಾರ್ಡ್ ನೋಡಿ, ಆಫೀಸಿನ ನಂಬರ್ ಕೇಳಿ ಬರೆದುಕೊಳ್ಳಿ. ಈ ಸರ್ವೆಗೆ ದುಡ್ಡು ಕೊಟ್ಟವರು ಯಾರು, ನಮ್ಮ ಉತ್ತರ ಎಲ್ಲಿಗೆ ಹೋಗುತ್ತದೆ, ಫಲಿತಾಂಶ ನಮಗೆ ಯಾವಾಗ ತಿಳಿಸುತ್ತೀರಿ ಅಂತ ಮೂರೂ ಕೇಳಿ. ಹೇಳಲು ಇಷ್ಟವಿಲ್ಲದ ಪ್ರಶ್ನೆ ಬಂದರೆ ಬಿಟ್ಟು ಮುಂದಿನದಕ್ಕೆ ಹೋಗಿ ಅನ್ನಿ. ಮೊಬೈಲಿಗೆ ಬಂದ ಒಟಿಪಿ ಕೇಳಿದರೆ ಅವರು ಸರ್ವೆಯವರೇ ಅಲ್ಲ, ಬಾಗಿಲು ಹಾಕಿಕೊಳ್ಳಿ. ಉಳಿದವರಿಗೆ, ಬಿಸಿಲಲ್ಲಿ ಬಂದಿರುತ್ತಾರೆ, ಒಂದು ಲೋಟ ನೀರು ಕೊಡಿ.

ನಮಸ್ಕಾರ.